ಮುಂದಿನದಕ್ಕೆ ಒಂದು ಬೆರಳು, ಹಿಂದಿನದಕ್ಕೆ ಎರಡು

ಫೆಬ್ರುವರಿ 6, ಮಂಗಳವಾರ

ಮಾತು ಕಲಿಸುವ ಡಾಕ್ಟರಮ್ಮ ಇವತ್ತು ಒಂದು ಗಂಟೆ ಕೂತು ಹೋದಳು. ಇವರ ಮೂಗಿನ ಮುಂದೆ ಚಿತ್ರದ ಕಾರ್ಡು ಹಿಡಿದು, "ಇದೇನು ಸರ್? ಹೇಳಿ ನೋಡೋಣ, ಬೆ... ಬೆ..." ಅಂದಳು. ಇವರು ಕಾರ್ಡನ್ನೂ ನೋಡಲಿಲ್ಲ, ಅವಳನ್ನೂ ನೋಡಲಿಲ್ಲ. ಬೆಕ್ಕಿನ ಚಿತ್ರ ತೋರಿಸಿ ಮಾತಾಡಿಸುವುದಕ್ಕೆ ಇವರೇನು ಶಿಶುವಿಹಾರದ ಮಗುವೇ? ಮೂವತ್ತೆರಡು ವರ್ಷ ಅಳತೆ ತೂಕದ ಇನ್‌ಸ್ಪೆಕ್ಟರ್ ಆಗಿದ್ದವರು. ಇವರು ಮೆಟ್ಟಿಲು ಹತ್ತಿದರೆ ಅಂಗಡಿಯವರ ಗಂಟಲ ಪಸೆ ಆರುತ್ತಿತ್ತು. ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು, ಮಾತು ಮೂರೂ ಹೋಗಿ ಈಗ ನಾಲ್ಕು ತಿಂಗಳು. ಕಿವಿ ಮಾತ್ರ ಮೊದಲಿನ ಹಾಗೇ ಚುರುಕು. ಎಲ್ಲ ತಿಳಿಯುತ್ತದೆ, ಒಂದನ್ನೂ ಹೇಳಲಾಗುವುದಿಲ್ಲ.

ಡಾಕ್ಟರಮ್ಮ ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದಳು. "ಆಂಟಿ, ಸರ್‌ಗೆ ಎಲ್ಲಕ್ಕಿಂತ ಇಷ್ಟ ಯಾವುದು? ಅದನ್ನ ಕಣ್ಣೆದುರಿಗೆ ಇಡಿ. ಮಾತು ಬರೋದಾದ್ರೆ ಈ ಒಂದೆರಡು ತಿಂಗಳಲ್ಲೇ ಬರಬೇಕು. ಆಮೇಲೆ ಕಷ್ಟ."

"ಕಾರು," ಅಂದೆ. ಯೋಚಿಸುವುದೇನಿದೆ? "ನಾನು" ಅನ್ನುವ ಹುಚ್ಚು ನನಗೆ ಯಾವತ್ತೂ ಇರಲಿಲ್ಲ.

ಶೆಡ್ಡಿನಲ್ಲಿರುವ ಆ ಹಳೇ ಕಾರು ನನಗಿಂತ ಮೊದಲೇ ಈ ಮನೆಗೆ ಬಂದದ್ದು. ಅದಕ್ಕೆ ಒಂದಲ್ಲ, ಎರಡು ಕಾರ್ಬ್ಯುರೇಟರ್. ಮುಂದೊಂದು, ಹಿಂದೊಂದು. ಗಾಳಿಯನ್ನೂ ಪೆಟ್ರೋಲನ್ನೂ ಬೆರೆಸಿ ಎಂಜಿನ್ನಿಗೆ ಉಣಿಸುವುದು ಅವೇ. ಎರಡೂ ಒಂದೇ ಸಮ ಗಾಳಿ ಎಳೆಯದಿದ್ದರೆ ಎಂಜಿನ್ ಕೆಮ್ಮುತ್ತದೆ, ಕುಂಟುತ್ತದೆ. ಇವರು ವರ್ಷಕ್ಕೆ ನಾಲ್ಕು ಸಲ ರಬ್ಬರ್ ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬ್ಯುರೇಟರಿನ ಬಾಯಿಗೆ ಹಿಡಿದು, ಸದ್ದು ಕೇಳಿ ಕೇಳಿ ಎರಡನ್ನೂ ಸಮ ಮಾಡುತ್ತಿದ್ದರು. ಕುಸಿದು ಬಿದ್ದ ದಿನವೂ ಎರಡನ್ನೂ ಬಿಚ್ಚಿ ಟ್ರೇಯಲ್ಲಿ ಹರಡಿಕೊಂಡಿದ್ದರು. ಅವು ಹಾಗೇ ಧೂಳು ತಿನ್ನುತ್ತಾ ಬಿದ್ದಿವೆ.

ನಾನೇ ಜೋಡಿಸುತ್ತೇನೆ.

ಫೆಬ್ರುವರಿ 8, ಗುರುವಾರ

ಮಗಳಿಗೆ ಫೋನಿನಲ್ಲಿ ಹೇಳಿದರೆ ಬಿದ್ದು ಬಿದ್ದು ನಕ್ಕಳು. "ಅಮ್ಮಾ, ಮಿಕ್ಸಿ ಜಾರಿಗೆ ವಾಷರ್ ಹಾಕೋಕೂ ಅಪ್ಪನ್ನ ಕರೀತಿದ್ದೋಳು ನೀನು!"

ಕರೆಯುತ್ತಿದ್ದೆ, ನಿಜ. ನಾನು ಹಾಕಿದ್ದನ್ನು ಬಿಚ್ಚಿ ಮತ್ತೆ ಹಾಕುತ್ತಿದ್ದರಲ್ಲ, ಅದಕ್ಕೆ. ಮಡಚಿದ ಹೊದಿಕೆಯನ್ನು ಬಿಚ್ಚಿ ಮತ್ತೆ ಮಡಚುವರು. ಕಟ್ಟಿದ ಗಂಟನ್ನು ಬಿಚ್ಚಿ ಮತ್ತೆ ಕಟ್ಟುವರು. ತಂದ ತರಕಾರಿಯನ್ನು ತಕ್ಕಡಿಗೆ ಹಾಕಿ, "ನಿನಗೆ ಟೋಪಿ ಹಾಕಿದಾನೆ" ಅನ್ನುವರು. ಮೂವತ್ತನಾಲ್ಕು ವರ್ಷದಲ್ಲಿ ನಾನು ಮಾಡಿದ ಒಂದೇ ಒಂದು ಕೆಲಸಕ್ಕೆ ಸರಿಯಾಗಿದೆ ಅಂದವರಲ್ಲ. ಹೊಡೆದವರಲ್ಲ, ಕುಡಿದವರಲ್ಲ. ಇನ್ನೊಬ್ಬರ ಹತ್ತಿರ ಹೇಳಿಕೊಂಡು ಅಳುವುದಕ್ಕೆ ಒಂದು ಕಾರಣ ಬೇಕಲ್ಲ, ಅದನ್ನೂ ಕೊಟ್ಟವರಲ್ಲ.

ಒಂದು ಸಂಗತಿ ಮಾತ್ರ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದೆ. ಮದುವೆಯಾದ ಹೊಸತು. ಇವರ ಸ್ನೇಹಿತರು ನಾಲ್ಕು ಜನ ಶೆಡ್ಡಿನಲ್ಲಿದ್ದರು. ಇವರು ಆ ಕೊಳವೆ ನನ್ನ ಕೈಗೆ ಕೊಟ್ಟು, "ಯಾವುದು ಜಾಸ್ತಿ ಎಳೀತಿದೆ ಹೇಳು ನೋಡೋಣ" ಅಂದರು. ನಾನು ಆಸ್ಪತ್ರೆಯ ಟೆಲಿಫೋನ್ ಬೋರ್ಡಿನಲ್ಲಿ ಕೂರುತ್ತಿದ್ದವಳು. ದಿನಕ್ಕೆ ಇನ್ನೂರು ದನಿ ಕೇಳಿ ಯಾವುದು ಯಾರದೆಂದು ಹೇಳುತ್ತಿದ್ದೆ. ಎರಡಕ್ಕೂ ಕಿವಿಗೊಟ್ಟು "ಮುಂದಿನದು" ಅಂದೆ. ಇವರು ಸ್ನೇಹಿತರ ಕಡೆ ತಿರುಗಿ, "ದೇವರು ಹೆಂಗಸರಿಗೆ ಎರಡು ಕಿವಿ ಕೊಟ್ಟಿರೋದು ಓಲೆ ಹಾಕ್ಕೊಳ್ಳೋಕೆ" ಅಂದರು. ನಾಲ್ವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಕಾಫಿ ತರಲು ಒಳಗೆ ಹೋದವಳು ಬಾಗಿಲ ಸಂದಿಯಿಂದ ನೋಡಿದೆ. ಇವರು ಸದ್ದಿಲ್ಲದೆ ಮುಂದಿನದರ ಸ್ಕ್ರೂವನ್ನೇ ಕಾಲು ಸುತ್ತು ಇಳಿಸುತ್ತಿದ್ದರು.

ಅದಕ್ಕೇ ಇಲ್ಲಿ ಬರೆದಿಡುತ್ತೇನೆ. ಇವರ ಮೊದಲ ಮಾತು ನನ್ನ ಹತ್ತಿರವೇ ಆಡಬೇಕು. ಮಗಳ ಹತ್ತಿರವಲ್ಲ, ಡಾಕ್ಟರಮ್ಮನ ಹತ್ತಿರವಲ್ಲ. ಅದೂ ನಾನು ಮಾಡಿದ ಕೆಲಸ ಸರಿಯಾಗಿದೆ ಅಂತಲೇ ಆಡಬೇಕು. ನನಗೆ ಬೇರೇನೂ ಬೇಡ.

ಫೆಬ್ರುವರಿ 12, ಸೋಮವಾರ

ಬೆಳಿಗ್ಗೆ ತಿಂಡಿಯಾದ ಮೇಲೆ ಇವರ ಗಾಲಿಕುರ್ಚಿಯನ್ನು ಶೆಡ್ಡಿಗೆ ತಳ್ಳಿಕೊಂಡು ಹೋದೆ. ಹೊಗೆ ನಿಲ್ಲಬಾರದೆಂದು ಎರಡೂ ಬಾಗಿಲು ಪೂರ್ತಿ ತೆರೆದಿಟ್ಟೆ. ಬ್ರೇಕು ಹಾಕಿ, ಮೊಣಕಾಲಿಗೆ ಶಾಲು ಹೊದಿಸಿ, "ನೋಡ್ತಾ ಇರಿ, ತಪ್ಪಾದ್ರೆ ಹೇಳಿ" ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಹೇಳುವುದು ಎಲ್ಲಿಂದ ಬಂತು?

ಟ್ರೇಯ ಸಾಮಾನನ್ನೆಲ್ಲ ಸೀಮೆಎಣ್ಣೆಯಲ್ಲಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದೆ. ಗಂಟೆಯಾಕಾರದ ಎರಡು ಮುಚ್ಚಳ, ಅವುಗಳೊಳಗೆ ಮೇಲೆ ಕೆಳಗೆ ಆಡುವ ಎರಡು ಪಿಸ್ಟನ್, ಪಿಸ್ಟನ್ನಿನ ತಳದಲ್ಲಿ ದಬ್ಬಳದಂಥ ಸೂಜಿ. ಎಲ್ಲ ಎರಡೆರಡು, ಅವಳಿ ಜವಳಿ. ಇವರ ಹಳೇ ಪುಸ್ತಕದ ಚಿತ್ರ ನೋಡಿ ಒಂದೊಂದಾಗಿ ಕೂಡಿಸಿದೆ. ಎರಡನೆಯ ಮುಚ್ಚಳ ಹಾಕುವಾಗ ಇವರು ಎಡಗೈಯಿಂದ ಕುರ್ಚಿಯ ಕೈಯನ್ನು ಧಪಧಪ ಬಡಿಯತೊಡಗಿದರು. ಏನು ಸಂಭ್ರಮ! ನಾಲ್ಕು ತಿಂಗಳಲ್ಲಿ ಇವರ ಮುಖಕ್ಕೆ ಅಷ್ಟು ರಕ್ತ ಬಂದದ್ದು ಇದೇ ಮೊದಲು. ನನಗೂ ಹುರುಪು ಬಂತು, ಹಾಡು ಹೇಳಿಕೊಂಡು ಸ್ಕ್ರೂ ಬಿಗಿದೆ. ಇವರು ಊಟದ ಹೊತ್ತಿನವರೆಗೂ ಬಡಿಯುತ್ತಲೇ ಇದ್ದರು.

ಫೆಬ್ರುವರಿ 13, ಮಂಗಳವಾರ

ಎಂಜಿನ್ ಶುರುವಾಯಿತು. ಎರಡು ಸಲ ಕೆಮ್ಮಿತು, ಸತ್ತಿತು. ಬೀದಿ ಕೊನೆಯ ಗ್ಯಾರೇಜಿನ ಮೇಸ್ತ್ರಿಯನ್ನು ಕರೆಸಿದೆ. ಇವರ ಕೈಯಲ್ಲಿ ಬೈಸಿಕೊಂಡೇ ಕೆಲಸ ಕಲಿತ ಮುದುಕ. ಮುಚ್ಚಳ ತೆಗೆದವನೇ ಹಣೆ ಚಚ್ಚಿಕೊಂಡ.

"ಅಮ್ಮಾ, ಮುಂದಿನದರ ಪಿಸ್ಟನ್ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹೋಗಿದೆ. ನೋಡೋಕೆ ಒಂದೇ ಥರ, ಆದ್ರೆ ಒಂದೊಂದು ಪಿಸ್ಟನ್ನೂ ಅದರದರ ಮುಚ್ಚಳಕ್ಕೇ ಹೊಂದೋದು. ಅದಲುಬದಲಾದ್ರೆ ಕಚ್ಕೊಂಡು ಕೂತ್ಬಿಡತ್ತೆ, ಮೇಲೇಳಲ್ಲ." ಆಮೇಲೆ ಇವರ ಕಡೆ ನೋಡಿ ಗೊಣಗಿದ. "ಯಜಮಾನ್ರು ಎದುರಿಗೇ ಇದ್ರಲ್ಲ, ಪಾಪ. ಎಷ್ಟು ಒದ್ದಾಡಿದ್ರೋ."

ಆಗ ತಿಳಿಯಿತು ಆ ಬಡಿತ ಏನೆಂದು. ಎರಡು ಗಂಟೆ ಹೊತ್ತು ನನ್ನ ತಪ್ಪನ್ನು ನನಗೆ ಹೇಳಲಾರದೆ ಕೈ ಬಡಿದುಕೊಂಡಿದ್ದರು. ನಾನು ಹಾಡು ಹೇಳಿಕೊಂಡಿದ್ದೆ.

ಅಯ್ಯೋ ಅನ್ನಿಸಿತು. ಅನ್ನಿಸಿದ್ದು ನಿಜ. ಹಾಗೇ ಹೊಟ್ಟೆಯೊಳಗೆ ಎಲ್ಲೋ ತಣ್ಣಗೂ ಆಯಿತು, ಅದೂ ನಿಜ. ನಾನು ಬರೆಯುತ್ತಿರುವುದು ನನಗೆ ತಾನೆ, ಇಲ್ಲಿ ಯಾಕೆ ಸುಳ್ಳು?

ಫೆಬ್ರುವರಿ 17, ಶನಿವಾರ

ಇವತ್ತು ಮೇಸ್ತ್ರಿ ಸಮ ಮಾಡುವುದನ್ನು ಹೇಳಿಕೊಟ್ಟ. ಮೊದಲು ಎಂಜಿನ್ ಚೆನ್ನಾಗಿ ಬಿಸಿಯಾಗಬೇಕು. ಏರ್ ಫಿಲ್ಟರ್ ಬಿಚ್ಚಬೇಕು. ಎರಡನ್ನೂ ಜೋಡಿಸುವ ಕಂಬಿಯ ಕ್ಲಾಂಪು ಸಡಿಲಿಸಿ ಅವೆರಡನ್ನೂ ಬೇರೆ ಮಾಡಬೇಕು, ಇಲ್ಲದಿದ್ದರೆ ಒಂದನ್ನು ತಿರುಗಿಸಿದರೆ ಇನ್ನೊಂದೂ ಕುಣಿಯುತ್ತದೆ. ಕೊಳವೆಯನ್ನು ಎರಡರ ಬಾಯಿಯಲ್ಲೂ ಒಂದೇ ಜಾಗಕ್ಕೆ ಹಿಡಿಯಬೇಕು. ಆಮೇಲೆ ಸ್ಕ್ರೂವನ್ನು ಕೂದಲೆಳೆಯಷ್ಟು ಏರಿಸುವುದು, ಇಳಿಸುವುದು, ಕೇಳುವುದು. ಎರಡೂ ಸುಯ್ಯೆನ್ನುವ ಸದ್ದು ಒಂದೇ ಆದಾಗ ಬಿಡುವುದು. ನನಗೆ ಹತ್ತೇ ನಿಮಿಷದಲ್ಲಿ ಹಿಡಿತ ಸಿಕ್ಕಿತು. ಮುಂದಿನದು ಸಣ್ಣ ದನಿಯ ಹೆಂಗಸು, ಹಿಂದಿನದಕ್ಕೆ ನೆಗಡಿ. ಮೇಸ್ತ್ರಿ ಬಾಯಿ ಬಿಟ್ಟುಕೊಂಡು ನೋಡಿದ. "ಅಮ್ಮಾ, ನಿಮಗೆ ಇಂಥ ಕಿವಿ ಇದೆ ಅಂತ ಯಜಮಾನ್ರು ಒಂದು ದಿನಾನೂ ಬಾಯಿ ಬಿಡಲಿಲ್ಲವಲ್ಲ!"

ಡಾಕ್ಟರಮ್ಮ ಬಂದು ಒಂದು ಉಪಾಯ ಹೇಳಿದಳು. ಕೊಳವೆಯನ್ನು ಇವರ ಕಿವಿಗೆ ಹಿಡಿಯುವುದು. ಮುಂದಿನದು ಜಾಸ್ತಿ ಎಳೆಯುತ್ತಿದ್ದರೆ ಒಂದು ಬೆರಳು ಎತ್ತಬೇಕು, ಹಿಂದಿನದಾದರೆ ಎರಡು. ಎರಡೂ ಸಮನಾಗಿ ಸರಿಯಾಗಿದ್ದರೆ ಮುಷ್ಟಿ. "ಬೆರಳಿನಿಂದ ಶುರುವಾದದ್ದು ಬಾಯಿಗೂ ಬರಬಹುದು ಆಂಟಿ" ಅಂದಳು.

ಮುಷ್ಟಿ. ಆಗಲಿ, ಮೊದಲು ಅದೇ ಬರಲಿ.

ಫೆಬ್ರುವರಿ 18, ಭಾನುವಾರ

ಎರಡು ಬೆರಳು. ಒಂದು ಬೆರಳು. ಎರಡು. ಒಂದು. ಎರಡು. ಮುಷ್ಟಿ ಇಲ್ಲ.

ಫೆಬ್ರುವರಿ 20, ಮಂಗಳವಾರ

ಇವತ್ತು ನನ್ನ ಕಿವಿಯ ಮೇಲೆ ನನಗೇ ಅನುಮಾನ ಬಂದು ಮೇಸ್ತ್ರಿಯನ್ನು ಕರೆದೆ. ಅವನು ಗಾಳಿ ಅಳೆಯುವ ಗಾಜಿನ ಮೀಟರ್ ತಂದು ಎರಡರ ಬಾಯಿಗೂ ಇಟ್ಟ. ಒಳಗಿನ ಗುಂಡು ಎರಡರಲ್ಲೂ ಒಂದೇ ಗೆರೆಗೆ ಬಂದು ನಿಂತಿತು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಸಮ ಇದೆ ಯಜಮಾನ್ರೇ, ನೋಡಿ" ಅಂತ ಮೀಟರನ್ನು ಇವರ ಕಣ್ಣ ಹತ್ತಿರವೇ ಹಿಡಿದ. ನಾನು ಕೊಳವೆಯನ್ನು ಇವರ ಕಿವಿಗೆ ಕೊಟ್ಟೆ. ಇವರು ಕೇಳಿದರು. ನನ್ನ ಮುಖ ನೋಡಿದರು. ನಿಧಾನವಾಗಿ ಎರಡು ಬೆರಳೆತ್ತಿದರು.

ಮೇಸ್ತ್ರಿ ತಲೆ ತಗ್ಗಿಸಿ ಹೊರಟುಹೋದ. ನಾನು ಅಲ್ಲೇ ನಿಂತಿದ್ದೆ. ಕೈ ಹೋಯಿತು, ಕಾಲು ಹೋಯಿತು, ಬಾಯಿ ಹೋಯಿತು, ಆದರೂ ಇವರ ಜಂಬ ಒಂದು ಎಳೆಯೂ ಹೋಗಲಿಲ್ಲವಲ್ಲ! ಉಳಿದಿರುವುದು ಐದು ಬೆರಳು. ಅದರಲ್ಲೂ ನನ್ನನ್ನು ಸೋಲಿಸಬೇಕು. ಮೈಯೆಲ್ಲ ಉರಿದುಹೋಯಿತು.

ಫೆಬ್ರುವರಿ 22, ಗುರುವಾರ

ಇವತ್ತು ಇವರು ಎರಡು ಬೆರಳು ತೋರಿಸಿದಾಗ, "ಓ, ಹಿಂದಿನದಾ?" ಅಂದು ಹಿಂದಿನದನ್ನು ಇಳಿಸುವ ಬದಲು ಒಂದು ಸುತ್ತು ಏರಿಸಿಬಿಟ್ಟೆ. ಬೇಕೆಂದೇ.

ಎಂಜಿನ್ ಕುಂಟತೊಡಗಿತು. ಇವರು ಎರಡು ಬೆರಳನ್ನು ಮತ್ತೆ ಮತ್ತೆ ಎತ್ತಿದರು. ನಾನು ಇನ್ನೂ ಅರ್ಧ ಸುತ್ತು ಏರಿಸಿದೆ. ಬಾನೆಟ್ ಗಡಗಡ ನಡುಗಿತು. ಆಗ ಇವರ ಗಂಟಲಿಂದ "ಮ್‌ಮ್... ಮ್‌ಮ್" ಅಂತ ಸದ್ದು ಬಂತು. ನಾಲ್ಕು ತಿಂಗಳಲ್ಲಿ ಮೊದಲ ಸದ್ದು! ಸ್ಕ್ರೂಡ್ರೈವರ್ ಅಲ್ಲೇ ಬಿಸಾಕಿ ಫೋನಿಗೆ ಓಡಿದೆ.

ಡಾಕ್ಟರಮ್ಮನಿಗೆ ಫೋನ್ ಮಾಡಿದರೆ ಕುಣಿದಾಡಿದಳು. "ಸೂಪರ್ ಆಂಟಿ! ಏನು ಮಾಡಿದ್ರಿ?" "ಕಾರ್ ಟ್ಯೂನ್ ಮಾಡ್ತಿದ್ದೆ ಕಣಮ್ಮ." "ಅದನ್ನೇ ಮಾಡಿ, ದಿನಾ ಮಾಡಿ!"

ಡಾಕ್ಟರೇ ಹೇಳಿದ ಮೇಲೆ ಮಾಡದೇ ಇರುವುದು ತಪ್ಪಾಗುತ್ತದೆ.

ಫೆಬ್ರುವರಿ 27, ಮಂಗಳವಾರ

ದಿನಾ ಮಾಡುತ್ತಿದ್ದೇನೆ. ಬೆಳಿಗ್ಗೆ ಒಂಬತ್ತಕ್ಕೆ ಶೆಡ್ಡು. ಮೊದಲು ಎರಡನ್ನೂ ನನ್ನ ಕಿವಿಯಲ್ಲಿ ಸಮ ಮಾಡುತ್ತೇನೆ. ಇವರಿಗೆ ಕೇಳಿಸುತ್ತೇನೆ. ಮುಷ್ಟಿ ಬರುವುದಿಲ್ಲ. "ಹಾಗಾದ್ರೆ ಸರಿ ಇಲ್ಲ ಅಂತಾಯ್ತು" ಅಂದು ಇವರೆದುರಿಗೇ ಕೆಡಿಸುತ್ತೇನೆ. ಸದ್ದು ಬರುತ್ತದೆ. ನಿನ್ನೆ ಬಂದದ್ದು "ಮ" ಅಲ್ಲ, "ಬ" ಇದ್ದ ಹಾಗಿತ್ತು. ಏಳಿಗೆ ಇದೆ.

ಕುಂಟುವ ಎಂಜಿನ್ನನ್ನು ಹಾಗೇ ಬಿಟ್ಟು, ರೇಡಿಯೇಟರಿನ ಮುಂದೆ ಟೇಬಲ್ ಫ್ಯಾನ್ ಇಟ್ಟು, ನಾನು ಬಟ್ಟೆ ಒಗೆಯಲು ಹೋಗುತ್ತೇನೆ. ಒಗೆಯುವ ಕಲ್ಲಿನ ಹತ್ತಿರಕ್ಕೂ ಎಂಜಿನ್ ಕೆಮ್ಮುವುದು ಕೇಳುತ್ತದೆ, ನಡುವೆ ಇವರ ಕೈ ಬಡಿತವೂ ಕೇಳುತ್ತದೆ. ಮೊದಮೊದಲು ಕಾಲು ಗಂಟೆ ಬಿಡುತ್ತಿದ್ದೆ, ಈಗ ಮುಕ್ಕಾಲು ಗಂಟೆ. ವ್ಯಾಯಾಮವನ್ನು ಯಾವತ್ತೂ ನಿಧಾನವಾಗಿಯೇ ಹೆಚ್ಚಿಸಬೇಕು.

ನನಗೂ ಈಗ ಮೈ ಹಗುರ. ಹಸಿವು ಚೆನ್ನಾಗಿ ಆಗುತ್ತಿದೆ. ಕನ್ನಡಿಯಲ್ಲಿ ನೋಡಿಕೊಂಡರೆ ಮುಖಕ್ಕೆ ಕಳೆ ಬಂದಿದೆ.

ಮಾರ್ಚ್ 1, ಶುಕ್ರವಾರ

ಇವತ್ತು ಶೆಡ್ಡಿನಲ್ಲಿ ನಿದ್ದೆ ಹೋಗಿಬಿಟ್ಟ. ನಾನು ಬೆವರು ಸುರಿಸಿ ಕೆಲಸ ಮಾಡುತ್ತಿದ್ದೇನೆ, ಇವನು ಗೊರಕೆ ಹೊಡೆಯುತ್ತಿದ್ದಾನೆ! ಕೊಳವೆಯ ತುದಿಗೆ ಬಾಯಿಟ್ಟು ಕಿವಿಯೊಳಗೆ ಜೋರಾಗಿ ಊದಿದೆ. ಬೆಚ್ಚಿ ಎದ್ದ. "ನಿದ್ದೆ ಮಾಡೋಕೆ ರಾತ್ರಿ ಇದೆ. ಕೆಲಸದ ಹೊತ್ತಲ್ಲಿ ನೆಟ್ಟಗೆ ಕೂತ್ಕೋ" ಅಂದೆ.

ಕಾರನ್ನು ನೋಡುತ್ತಾ ಕೂತರೆ ಗಮನ ಕಿವಿಯಲ್ಲಿರುವುದಿಲ್ಲ. ಕುರ್ಚಿ ತಿರುಗಿಸಿಬಿಟ್ಟೆ. ಈಗ ಮುಖ ಗೋಡೆಗೆ, ಬೆನ್ನು ಎಂಜಿನ್ನಿಗೆ. ಹೀಗೇ ಒಳ್ಳೆಯದು.

ಮಾರ್ಚ್ 3, ಭಾನುವಾರ

ಮಗಳು ಬಂದಿದ್ದಳು. ಊರಿನ ಆ ತುದಿಯಲ್ಲೇ ಇದ್ದರೂ ತಿಂಗಳಿಗೊಮ್ಮೆ ಮುಖ ತೋರಿಸುವ ಮಹಾರಾಯಿತಿ. ಬಂದವಳೇ ಅಪ್ಪನ ಎಡಗೈ ಹಿಡಿದು, "ಇದೇನಮ್ಮ, ಅಂಗೈ ಬದಿಯೆಲ್ಲ ನೀಲಿ ಕಟ್ಟಿದೆ?" ಅಂದಳು.

"ಕುರ್ಚಿಗೆ ಬಡ್ಕೋತಾನೆ. ಸಿಟ್ಟು. ಎಷ್ಟು ಹೇಳಿದ್ರೂ ಕೇಳಲ್ಲ."

ಅವಳು ನನ್ನನ್ನೇ ನೋಡಿದಳು. "ಬಡ್ಕೋತಾನೆ? ಅಮ್ಮ, ಅಪ್ಪಂಗೆ ಯಾವತ್ತಿಂದ ಏಕವಚನ?"

"ಹೌದಾ? ಹಾಗಂದ್ನಾ? ಬಾಯಿ ತಪ್ಪಿ ಬಂದಿರತ್ತೆ ಬಿಡು."

"ಸೊರಗಿ ಹೋಗಿದಾರೆ. ಒಂದು ತಿಂಗಳು ನಮ್ಮನೇಲಿರ್ಲಿ. ನಿನಗೂ ಸುಧಾರಿಸ್ಕೊಂಡ ಹಾಗಾಗತ್ತೆ."

ಎಷ್ಟು ಜಾಣೆ ನೋಡಿ! ನಾಲ್ಕು ತಿಂಗಳು ಉಚ್ಚೆ ಬಳಿದವಳು ನಾನು, ಉಣ್ಣಿಸಿದವಳು ನಾನು, ಸತ್ತ ಎಂಜಿನ್ ಎಬ್ಬಿಸಿದವಳು ನಾನು. ಈಗ ಇನ್ನೇನು ಮಾತು ಗಂಟಲಿಗೆ ಬಂದಿದೆ ಅನ್ನುವಾಗ ಇವಳು ಕರೆದುಕೊಂಡು ಹೋಗುತ್ತಾಳಂತೆ. ಮಾತು ಅವಳ ಮನೆಯಲ್ಲಿ ಬರಬೇಕಂತೆ. "ಏನೂ ಬೇಡಮ್ಮ, ಡಾಕ್ಟರು ಹೇಳಿದ ಹಾಗೆ ನಡೀತಾ ಇದೆ, ಕೆಡಿಸಬೇಡ" ಅಂದೆ. ಅವಳು ಹೊರಡುವಾಗ ಇವನು ಅವಳ ಸೆರಗು ಹಿಡಿದುಕೊಂಡಿದ್ದ. ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು.

ಮಾರ್ಚ್ 5, ಮಂಗಳವಾರ

ಇವತ್ತು ಇವನು ಮಾಡಿದ್ದನ್ನು ಬರೆಯದೆ ಮಲಗಲಾರೆ.

ಬೆಳಿಗ್ಗೆ ಮೊದಲು ಕೆಡಿಸಿಟ್ಟು ಆಮೇಲೆ ಸರಿಮಾಡೋಣವೆಂದುಕೊಂಡು ಮುಂದಿನದನ್ನು ಎರಡು ಸುತ್ತು ಏರಿಸಿದ್ದೆ. ಎಂಜಿನ್ ಒದರುತ್ತಿತ್ತು. ಕಿವುಡನಿಗೂ ತಿಳಿಯುವಷ್ಟು ಹದಗೆಟ್ಟಿತ್ತು. ಸುಮ್ಮನೆ ಅಭ್ಯಾಸಬಲದಿಂದ ಕೊಳವೆಯನ್ನು ಇವನ ಕಿವಿಗೆ ಹಿಡಿದೆ. ಇವನು ಎರಡು ಕ್ಷಣ ಕೇಳಿದ. ಆಮೇಲೆ ಎಡಗೈ ಎತ್ತಿ ಮುಷ್ಟಿ ಹಿಡಿದ.

ಮುಷ್ಟಿ!

ಸಮ ಇದ್ದಾಗ ಹದಿನೈದು ದಿನ ಕೊಡದವನು, ಒದರುವಾಗ ಕೊಟ್ಟ. ನಾನು ಕುರ್ಚಿ ತಿರುಗಿಸಿ ಮುಖ ನೋಡಿದೆ. ಮುಷ್ಟಿಯನ್ನು ಇನ್ನೂ ಮೇಲಕ್ಕೆತ್ತಿದ. ಬೇಡುವವರ ಹಾಗೆ ತಲೆ ಆಡಿಸಿದ. ಸಾಕು, ನಿಲ್ಲಿಸು ಅನ್ನುವುದಕ್ಕೆ ಕೊಟ್ಟ ಮುಷ್ಟಿ ಅದು.

"ಸುಳ್ಳಾ? ನನ್ನ ಹತ್ರ ಸುಳ್ಳಾ? ಜೀವಮಾನವೆಲ್ಲ ಒಂದು ಗುಲಗಂಜಿ ವ್ಯತ್ಯಾಸಕ್ಕೆ ಅಂಗಡಿಗಳಿಗೆ ಬೀಗ ಜಡಿದೋನು ನೀನು! ಇದು ಸರಿ ಇದೆಯಾ? ಹೇಳು, ಇದು ಸರಿಯಾ?" ಎಂದು ಕಿರುಚಿದೆ. ನನಗೆ ಭಿಕ್ಷೆ ಹಾಕುತ್ತಾನಂತೆ. ಹುಚ್ಚಿಗೆ ಒಂದು ತುತ್ತು ಎಸೆದ ಹಾಗೆ. ಅದನ್ನು ಮಾತ್ರ ನಾನು ಸಹಿಸಲಾರೆ.

ಎಂಜಿನ್ ಆರಿಸಿದೆ. ಕುರ್ಚಿಯನ್ನು ಬಾನೆಟ್ಟಿನ ಬದಿಗೇ ತಂದೆ. ಇವನು ನೋಡುತ್ತಿರುವ ಹಾಗೇ ಎರಡೂ ಮುಚ್ಚಳ ಬಿಚ್ಚಿ, ಮುಂದಿನದರ ಪಿಸ್ಟನ್ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿದೆ. ಕಚ್ಚಿಕೊಂಡಿತು. ಒತ್ತಿದೆ. ಲೋಹಕ್ಕೆ ಲೋಹ ತಿಕ್ಕಿ ಕಿರ್ರೆಂದಿತು. ಇನ್ನೂ ಒತ್ತಿದೆ. ಈ ಸಲ ಇವನು ಕುರ್ಚಿ ಬಡಿಯಲಿಲ್ಲ. ಕಣ್ಣಿಂದ ನೀರು ಇಳಿಯುತ್ತಿತ್ತು. ಪೆಟ್ರೋಲಿನ ಘಾಟಿಗೆ ಇರಬೇಕು, ನನಗೂ ಸ್ವಲ್ಪ ಕಣ್ಣು ಉರಿಯುತ್ತಿತ್ತು.

ಮಾರ್ಚ್ 7, ಗುರುವಾರ

ಸದ್ದು ಇಲ್ಲ. ಬೆರಳು ಇಲ್ಲ. ಕೊಳವೆ ಹಿಡಿದರೆ ಕಣ್ಣು ಮುಚ್ಚುತ್ತಾನೆ. ಹಟಮಾರಿ.

ಮಾರ್ಚ್ 9, ಶನಿವಾರ

ನಾನೂ ಹಟಕ್ಕೆ ಬಿದ್ದಿದ್ದೇನೆ. ಸುಳ್ಳಿಗೆ ಜಾಗವೇ ಇಲ್ಲದಷ್ಟು ಸರಿ ಮಾಡಿ ತೋರಿಸಿದರೆ ಆಗ ಏನು ಮಾಡುತ್ತಾನೆ?

ನಿನ್ನೆ, ಇವತ್ತು ಎರಡು ದಿನ ಕೂತೆ. ಪಿಸ್ಟನ್ನುಗಳನ್ನು ಅವುಗಳ ಮನೆಗೆ ಸೇರಿಸಿದೆ. ಗೀರು ಬಿದ್ದ ಕಡೆ ಹಿತ್ತಾಳೆ ಪಾಲಿಷ್ ಹಚ್ಚಿ ಬಟ್ಟೆಯಲ್ಲಿ ತಿಕ್ಕಿದೆ, ಬೆರಳು ಬಿಟ್ಟರೆ ಟಕ್ಕೆಂದು ತಾನೇ ಕೆಳಗೆ ಬೀಳುವವರೆಗೆ. ಮೇಲಿನ ತೂತಿಗೆ ಎಣ್ಣೆ ಬಿಟ್ಟೆ. ಎಂಜಿನ್ ಬಿಸಿ ಮಾಡಿ ಗಾಳಿ ಸಮ ಮಾಡಿದೆ. ಆಮೇಲೆ ಪೆಟ್ರೋಲಿನ ಹದ. ತಳದ ನಟ್ಟನ್ನು ಒಂದೊಂದು ಮುಖದಷ್ಟೇ ತಿರುಗಿಸಿ, ಪಿಸ್ಟನ್ನನ್ನು ಅಕ್ಕಿಕಾಳಿನಷ್ಟು ಎತ್ತಿ, ಎಂಜಿನ್ ಏನನ್ನುತ್ತದೆಂದು ಕೇಳಿದೆ. ವೇಗ ಏರಿ ಏರಿ ಓಡಿದರೆ ಪೆಟ್ರೋಲು ಜಾಸ್ತಿ. ಸಾಯಲು ಹೋದರೆ ಕಡಿಮೆ. ಒಂದು ಚೂರು ಏರಿ ಮತ್ತೆ ತನ್ನ ಹದಕ್ಕೇ ಬಂದರೆ ಸರಿ. ಕೊನೆಗೆ ಕ್ಲಾಂಪು ಬಿಗಿದೆ. ಬಿಗಿಯುವಾಗ ಕಂಬಿ ಎರಡರಲ್ಲಿ ಒಂದನ್ನು ಮಾತ್ರ ಎಳೆದುಬಿಡಬಾರದು, ಅಲ್ಲಿಯೇ ಎಲ್ಲರೂ ಎಡವುವುದು. ನಾನು ಎಡವಲಿಲ್ಲ.

ಸಂಜೆ ಮೇಸ್ತ್ರಿ ಬಂದು ಬಾನೆಟ್ ಮೇಲೆ ಒಂದು ಲೋಟ ನೀರು ಇಟ್ಟ. ನೀರು ಅಲುಗಲಿಲ್ಲ. ಅವನು ಬಗ್ಗಿ ಲೋಟವನ್ನೇ ನೋಡಿದ. ಆಮೇಲೆ, "ಯಜಮಾನ್ರ ಕೈಲೂ ಇಷ್ಟು ಆಗಿರಲಿಲ್ಲ ಅಮ್ಮ" ಅಂದ. ಅವನು ಅಂದು ಏನು ಪ್ರಯೋಜನ? ಅನ್ನಬೇಕಾದವನು ಗೋಡೆ ನೋಡುತ್ತಿದ್ದ.

ನಾಳೆ ಎಲ್ಲರೂ ಬರಲಿ ಎಂದು ಹೇಳಿ ಕಳಿಸಿದ್ದೇನೆ. ಮಗಳು, ಅಳಿಯ, ಡಾಕ್ಟರಮ್ಮ. ನಾಲ್ಕು ಜನರ ಎದುರಿಗೇ ಆಗಿಹೋಗಲಿ.

ಮಾರ್ಚ್ 10, ಭಾನುವಾರ

ಹನ್ನೊಂದು ಗಂಟೆಗೆ ಎಲ್ಲರೂ ಶೆಡ್ಡಿನಲ್ಲಿದ್ದರು. ಇವನಿಗೆ ಸ್ನಾನ ಮಾಡಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿ, ಕುರ್ಚಿಯನ್ನು ಕಾರಿನ ಎದುರಿಗೇ ಇಟ್ಟಿದ್ದೆ. ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಹಿಡಿಯಿತು. ಬಿಸಿಯಾಗಿ, ಹೊರಗೆಳೆದಿದ್ದ ಚೋಕ್ ಗುಂಡಿಯನ್ನು ಒಳಕ್ಕೆ ತಳ್ಳಿದ ಮೇಲೆ ಇದೆಯೋ ಇಲ್ಲವೋ ಅನ್ನುವಷ್ಟು ಮೆತ್ತಗೆ ಓಡತೊಡಗಿತು. ಅಳಿಯ "ಅಬ್ಬಾ!" ಅಂದ. ಮಗಳು ನನ್ನ ಭುಜ ಹಿಡಿದು, "ನಿಜವಾಗ್ಲೂ ನೀನೇ ಮಾಡಿದ್ದಾ ಅಮ್ಮ?" ಅಂದಳು. ಡಾಕ್ಟರಮ್ಮ ಚಪ್ಪಾಳೆ ತಟ್ಟಿದಳು. ನಾನು ಇವನನ್ನು ಮಾತ್ರ ನೋಡುತ್ತಿದ್ದೆ.

ಇವನು ಕೇಳಿದ. ತಲೆಯನ್ನು ಒಂದು ಕಡೆ ವಾಲಿಸಿ, ಮೊದಲು ಕೇಳುತ್ತಿದ್ದ ಹಾಗೇ ಕೇಳಿದ. ಬಾಯಿ ತೆರೆಯಿತು. ತುಟಿ ನಡುಗಿತು. ಕುತ್ತಿಗೆಯ ನರ ಉಬ್ಬಿತು. ಡಾಕ್ಟರಮ್ಮ "ಶ್!" ಅಂದಳು.

"ಕರ್ಕೊಂಡ್," ಅಂದ. ದನಿ ಒಡೆದಿತ್ತು, ಆದರೆ ಅವನದೇ ದನಿ. "ಕರ್ಕೊಂಡ್... ಹೋಗು."

ಮಾತು! ಒಂದಲ್ಲ, ಎರಡು ಮಾತು! ನಾನು ಅತ್ತುಬಿಟ್ಟೆ. ಸವಾರಿ ಹೋಗಬೇಕಂತೆ! ನಾನು ಸರಿಮಾಡಿದ ಕಾರಿನಲ್ಲಿ ಕೂತು ಹೋಗಬೇಕಂತೆ! ಇದಕ್ಕಿಂತ ಇನ್ನೇನು ಹೇಳಬೇಕು ಯಾರಾದರೂ? "ಬನ್ನಿ, ಬನ್ನಿ, ಹೋಗೋಣ" ಅಂತ ಓಡಿಹೋಗಿ ಕಾರಿನ ಬಾಗಿಲು ತೆಗೆದೆ. ಸೀಟು ಒರೆಸಿದೆ. ಶಾಲು ತರಲು ಒಳಗೆ ಹೋದೆ.

ಶಾಲು ಹಿಡಿದು ಬರುವಾಗ ಮಗಳು ಇವನ ಮುಂದೆ ಮಂಡಿಯೂರಿ ಕೂತಿದ್ದಳು. "ಎಲ್ಲಿಗಪ್ಪಾ? ಕಾರಲ್ಲಿ ರೌಂಡ್ ಹೋಗ್ಬೇಕಾ?" ಇವನು ತಲೆ ಅಲ್ಲಾಡಿಸಿದ. ಇಲ್ಲ. ನೀಲಿಗಟ್ಟಿದ ಕೈಯೆತ್ತಿ ಗೇಟಿನ ಹೊರಗೆ ನಿಂತಿದ್ದ ಅವಳ ಕಾರನ್ನು ತೋರಿಸಿದ. ಆಮೇಲೆ ನನ್ನ ಕಡೆ ತಿರುಗಿದ. ನಾನು ನಗುತ್ತಾ ನಿಂತಿದ್ದೆ.

"ಇವಳು... ಬೇಡ," ಅಂದ.

ಎಂಜಿನ್ ಎಷ್ಟು ಮೆತ್ತಗೆ ಓಡುತ್ತಿತ್ತೆಂದರೆ ಆ ಮಾತು ಎಲ್ಲರಿಗೂ ಚೆನ್ನಾಗಿ ಕೇಳಿಸಿತು. ಮಗಳು ಎದ್ದು ಅಪ್ಪನ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಗೋಡೆಯ ಹತ್ತಿರ ಕುರ್ಚಿಯ ಗಾಲಿ ನೆಲದಲ್ಲಿ ಮೂಡಿಸಿದ್ದ ಗುರುತು ನೋಡಿದಳು. ನನ್ನನ್ನು ನೋಡಲಿಲ್ಲ. ಒಳಗೆ ಹೋಗಿ ಹತ್ತೇ ನಿಮಿಷದಲ್ಲಿ ಬಟ್ಟೆ, ಔಷಧಿ ಎಲ್ಲ ಒಂದು ಬ್ಯಾಗಿಗೆ ತುಂಬಿಕೊಂಡು ಬಂದಳು. ಅಳಿಯ ಕುರ್ಚಿ ತಳ್ಳಿಕೊಂಡು ನಾನು ತೆಗೆದಿಟ್ಟ ಕಾರಿನ ಬಾಗಿಲನ್ನು ದಾಟಿ ಗೇಟಿಗೆ ಹೋದ. ಡಾಕ್ಟರಮ್ಮ ಅವರ ಹಿಂದೆ ನಡೆದಳು.

ಪೆಟ್ರೋಲ್ ಮುಗಿಯುವವರೆಗೂ ಎಂಜಿನ್ ಓಡಿತು. ಒಂದು ಸಲವೂ ಕೆಮ್ಮಲಿಲ್ಲ.

ಮಾರ್ಚ್ 14, ಗುರುವಾರ

ನಾಲ್ಕು ದಿನ ಯಾರೂ ಫೋನ್ ಮಾಡಲಿಲ್ಲ. ಇವತ್ತು ಮಧ್ಯಾಹ್ನ ನಾನೇ ಮಾಡಿದೆ. ಎಂಟನೆಯ ಸಲಕ್ಕೆ ಮಗಳು ಎತ್ತಿದಳು.

"ಹೇಗಿದಾರೆ ಇವರು?"

"ಚೆನ್ನಾಗಿದಾರೆ. ಮಾತಾಡ್ತಾ ಇದಾರೆ."

"ಮಾತಾಡ್ತಾ ಇದಾರಾ! ಏನಂತಾರೆ?"

"ನೀರು ಅಂತಾರೆ. ಕಿಟಕಿ ತೆಗಿ ಅಂತಾರೆ. ನಿನ್ನೆ ನಾನು ಮಾಡಿದ ಸಾರು ಬಾಯಿಗಿಟ್ಕೊಂಡು ಚೆನ್ನಾಗಿದೆ ಅಂದ್ರು."

ಸಾರಂತೆ. ಅವಳಿಗೆ ನೆಟ್ಟಗೆ ಒಗ್ಗರಣೆ ಹಾಕುವುದಕ್ಕೂ ಬರುವುದಿಲ್ಲ.

"ಎಂಜಿನ್ ಬಗ್ಗೆ ಏನಾದ್ರೂ ಅಂದ್ರಾ?" ಅಂತ ಕೇಳಿದೆ. "ಕೇಳಿ ನೋಡು ಮಗಳೇ. ಸರಿ ಇತ್ತೋ ಇಲ್ವೋ, ಅಷ್ಟೇ ಸಾಕು. ಫೋನು ಅವರ ಕಿವಿ ಹತ್ರ ಹಿಡಿ, ನಾನೇ ಕೇಳ್ತೀನಿ."

ಆ ಕಡೆಯಿಂದ ಉತ್ತರ ಬರಲಿಲ್ಲ. ಲೈನಿನಲ್ಲಿ ಏನೋ ತೊಂದರೆ ಇರಬೇಕೆಂದು ಬಹಳ ಹೊತ್ತು ಕಿವಿಗೆ ಹಿಡಿದುಕೊಂಡೇ ಕೂತಿದ್ದೆ.